ಮೂರೂರ ಡ್ರಮ್ಮು

ಸಗಣಿಯ ವಿಷಯದಲ್ಲಿ ಕಗ್ಗಲಹಟ್ಟಿಯ ದೊಡ್ಡಮಾದಮ್ಮನ ಮೇಲೆ ಜಗಳಕ್ಕೆ ಹೋಗಿ ಗೆದ್ದು ಬಂದವರು ತಾಳವಾಡಿ ಸೀಮೆಯಲ್ಲಿ ಯಾರೂ ಇರಲಿಲ್ಲ. ಸಗಣಿಗೂ ಒಂದು ಜಗಳವೇ ಎಂದು ಮೂಗು ಮುರಿಯುವವರು ಹೊಲಕ್ಕೆ ಗೊಬ್ಬರ ಹೊತ್ತವರಲ್ಲ, ನೆಲ ಸಾರಿಸಿದವರಲ್ಲ. ಅವರ ಮಾತು ಬಿಡಿ.

ಆ ಕಡೆಯ ಕಟ್ಟಳೆ ಸರಳ. ಕೊಟ್ಟಿಗೆಯಲ್ಲಿ ಬಿದ್ದದ್ದು ದನದ ಯಜಮಾನನದು, ದಾರಿಯಲ್ಲಿ ಬಿದ್ದದ್ದು ಎತ್ತಿದವರದು. ಎತ್ತಲು ಕೈಯಲ್ಲಿ ಕುಕ್ಕೆ ಇಲ್ಲದಿದ್ದರೆ ಪಕ್ಕದ ಗಿಡದಿಂದ ಒಂದು ತಂಗಡಿ ಸೊಪ್ಪಿನ ಕಡ್ಡಿ ಮುರಿದು ಸಗಣಿಗೆ ಸಿಕ್ಕಿಸಿ ಹೋದರೆ ಸಾಕು. ಆ ಸೊಪ್ಪು ಬಾಡುವವರೆಗೆ ಅದು ಸಿಕ್ಕಿಸಿದವರ ಸೊತ್ತು. ಊರ ಯಜಮಾನನೇ ಬರಲಿ, ತಹಸೀಲ್ದಾರನೇ ಬರಲಿ, ಮುಟ್ಟುವ ಹಾಗಿಲ್ಲ.

ದೊಡ್ಡಮಾದಮ್ಮ ಎಂಟು ವರ್ಷದವಳಿದ್ದಾಗ ಹೀಗೆ ಸೊಪ್ಪು ಸಿಕ್ಕಿಸಿ ಕುಕ್ಕೆ ತರಲು ಕೇರಿಗೆ ಓಡಿದ್ದಳು. ತಿರುಗಿ ಬರುವಷ್ಟರಲ್ಲಿ ಊರ ಯಜಮಾನರ ಹೆಂಡತಿ ಅದನ್ನು ಎತ್ತಿಸಿಕೊಂಡು ಹೋಗಿದ್ದರು. ಹುಡುಗಿ ಯಜಮಾನರ ಮನೆಯ ಮುಂದೆ, ಕೇರಿಯವರು ನಿಲ್ಲಬೇಕಾದ ದೂರದಲ್ಲೇ ನಿಂತು, ಗಂಟಲು ಹರಿಯುವ ಹಾಗೆ ಕೂಗಿದಳು. ಕೊನೆಗೆ ಯಜಮಾನರೇ ಹೊರಗೆ ಬಂದು, "ಸೊಪ್ಪು ಅಂದ್ರ ಸೊಪ್ಪೇ ಕಣಮ್ಮಿ, ತಕೊಂಡೋಗು" ಎಂದು ಆಳಿನ ಕೈಯಲ್ಲಿ ಸಗಣಿ ವಾಪಸು ಕೊಡಿಸಿದರು. ಜಗಲಿಯ ಮೇಲೆ ಕೂತು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ ಅವರ ಮಗ ನಂಜಪ್ಪ ಈಗ ಕಗ್ಗಲಹಟ್ಟಿ ಪಂಚಾಯ್ತಿಯ ಪ್ರೆಸಿಡೆಂಟು.

ಈಗ ಎಂದರೆ ಎಂಬತ್ತೊಂಬತ್ತನೇ ಇಸವಿ. ಮೂರು ವರ್ಷದ ಹಿಂದಿನ ಎಲೆಕ್ಷನ್ನಿನಲ್ಲಿ ಕಗ್ಗಲಹಟ್ಟಿಗೆ ನಂಜಪ್ಪ, ಬಿದರೆಪುರಕ್ಕೆ ರುದ್ರಸ್ವಾಮಿ, ಜಾಲಿಕಟ್ಟೆಗೆ ಮಹದೇವಪ್ಪ ಗೆದ್ದಿದ್ದರು. ಕರೆಂಟಿನ ಕಂಬಗಳು ತಿಗನಾರೆಯವರೆಗೆ ಬಂದು, ಮುಂದೆ ಕಾಡು ಎಂದು ಹೇಳಿ ಅಲ್ಲೇ ನಿಂತಿದ್ದವು. ಆಚೆಯ ಈ ಮೂರು ಊರುಗಳಿಗೆ ಕತ್ತಲಾದರೆ ಆನೆ, ಬೆಳಗಾದರೆ ಹಂದಿ ಹಾಳು ಮಾಡಿದ ರಾಗಿ ಹೊಲ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಿದ್ದ ಮೂವರು ಪ್ರೆಸಿಡೆಂಟರು ಜನ್ಮದಲ್ಲಿ ಮೊದಲ ಸಲ ಒಂದೇ ಬಸ್ಸಿನಲ್ಲಿ ಕೂತು ಹೋಗಿ ಒಂದೇ ಅರ್ಜಿ ಕೊಟ್ಟರು. ಅರ್ಜಿಯ ಕಾರಣ ಪ್ರೀತಿಯಲ್ಲ. ಸಗಣಿಯಿಂದ ಗ್ಯಾಸು ತೆಗೆದು ಎಂಜಿನ್ನು ಓಡಿಸುವ ಸ್ಕೀಮು ಬಂದಿತ್ತು, ಅದಕ್ಕೆ ದಿನಕ್ಕೆ ಇನ್ನೂರು ದನದ ಸಗಣಿ ಬೇಕಿತ್ತು, ಅಷ್ಟು ಯಾವ ಒಂದೂರಲ್ಲೂ ಹುಟ್ಟುತ್ತಿರಲಿಲ್ಲ.

ಹಾಗೆ ಬಂತು ಮೂರೂರ ಡ್ರಮ್ಮು. ಮೂರು ಊರಿನ ಗಡಿ ಕೂಡುವ ಎಲ್ಲೆಕಲ್ಲಿನ ಬುಡದಲ್ಲಿ ಬಾವಿಯಂಥ ಗುಂಡಿ ತೋಡಿ, ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಮಗುಚಿದ ಕಬ್ಬಿಣದ ಡ್ರಮ್ಮು ಇಟ್ಟರು. ತೊಟ್ಟಿಯಲ್ಲಿ ಸಗಣಿ ಕಲಸಿ ಬಿಟ್ಟರೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮು ಮೇಲೇಳುತ್ತದೆ, ಗ್ಯಾಸು ಉರಿದಂತೆ ಕೆಳಗಿಳಿಯುತ್ತದೆ. ಪಕ್ಕದ ಶೆಡ್ಡಿನ ಎಂಜಿನ್ನು ಹಗಲು ರಾಗಿ ಮಿಲ್ಲು ತಿರುಗಿಸುತ್ತಿತ್ತು, ಸಂಜೆ ಎರಡು ಗಂಟೆ ಮೂರೂರಿನ ಬೀದಿಗೂ ಬೆಳಕು ಕೊಡುತ್ತಿತ್ತು. ಕೇರಿಯ ಬೇವಿನ ಮರಕ್ಕೂ ಒಂದು ಬಲ್ಬು ಸಿಕ್ಕಿತು. ಯಾವುದೂ ಯಾರೊಬ್ಬರದೂ ಅಲ್ಲ, ಮೂರು ಪಂಚಾಯ್ತಿಯದು. ಏನೇ ಬದಲಾಯಿಸಬೇಕಾದರೂ ಮೂವರ ಸೈನೂ ಬೀಳಬೇಕು ಎಂದು ಕರಾರಾಯಿತು.

ಸಗಣಿ ಕಲಸುವ ಕೆಲಸ ದೊಡ್ಡಮಾದಮ್ಮನಿಗೆ ಬಂತು. ಬರದೆ ಇನ್ನೇನು, ಅವಳಷ್ಟು ಸಗಣಿಯ ಗುಣ ಬಲ್ಲವರು ಯಾರಿದ್ದರು? ಒಂದು ಕುಕ್ಕೆಗೆ ಒಂದು ಕೊಡ ನೀರು, ಹುಲ್ಲುಕಡ್ಡಿ ಒಂದೂ ಇರಕೂಡದು, ಮಣ್ಣು ಬೆರೆತ ಸಗಣಿ ತಂದವರಿಗೆ ಅಲ್ಲೇ ಮಂಗಳಾರತಿ. ಮಿಲ್ಲಿನ ಸರದಿಯೂ ಸಗಣಿಯದೇ ಲೆಕ್ಕ. ಯಾರ ಸಗಣಿ ಕುಕ್ಕೆ ಮೊದಲು ಬಂತೋ ಅವರ ರಾಗಿ ಮೊದಲು. ಮೊದಲ ವಾರ ಬಿದರೆಪುರದ ಗೌಡರ ಮನೆಯ ಚಿಕ್ಕಬಸಮ್ಮ, ಕೇರಿಯವರ ಕುಕ್ಕೆಯ ಹಿಂದೆ ತನ್ನ ಕುಕ್ಕೆಯೇ ಎಂದು ಮುಖ ಊದಿಸಿಕೊಂಡು ಹೋದಳು. ಎರಡನೆಯ ವಾರ ಬೆಳಗಾಗುವ ಮೊದಲೇ ಬಂದು ಕುಕ್ಕೆ ಇಟ್ಟು ಕೂತಳು. ಕಟ್ಟಳೆ ಹಾಗೆ ಊರಿತು.

ದೊಡ್ಡಮಾದಮ್ಮನಿಗೆ ಬಲ್ಬಿಗಿಂತ ಆ ಮಿಲ್ಲು ದೊಡ್ಡದು. ನಂಜಪ್ಪನ ಮನೆಯಲ್ಲಿ ಎರಡು ಬೀಸುವ ಕಲ್ಲಿದ್ದವು. ಒಂದು ಒಳಗೆ, ಮನೆಯವರ ಹಿಟ್ಟಿಗೆ. ಅದನ್ನು ನಂಜಪ್ಪನ ಹೆಂಡತಿ ಶಕುಂತಲಮ್ಮ ಬೀಸುತ್ತಿದ್ದರು. ಇನ್ನೊಂದು ಕೊಟ್ಟಿಗೆಯಲ್ಲಿ, ಹೊಲದ ಆಳುಗಳ ಮುದ್ದೆಯ ಹಿಟ್ಟಿಗೆ. ಅದನ್ನು ದೊಡ್ಡಮಾದಮ್ಮನ ಅವ್ವ ಬೀಸಿದಳು, ಅವಳ ಬೆನ್ನು ಬಗ್ಗಿದ ಮೇಲೆ ದೊಡ್ಡಮಾದಮ್ಮ ಬೀಸಿದಳು. ಹತ್ತು ವರ್ಷಕ್ಕೆ ಕೂತವಳು ನಲವತ್ತೆಂಟಕ್ಕೆ ಎದ್ದಳು. ಏಳುವಾಗ ಬಲತೋಳು ಹೆಗಲಿನ ಮೇಲಕ್ಕೆ ಎತ್ತಲು ಬಾರದಂತಾಗಿತ್ತು. ತಲೆ ಬಾಚಲೂ ಮಗಳು ಪುಟ್ಟಿಯೇ ಬೇಕು. ಇನ್ನೇನು ಪುಟ್ಟಿಯನ್ನು ಆ ಕಲ್ಲಿಗೆ ಕೂರಿಸಬೇಕು ಎನ್ನುವಾಗ ಮಿಲ್ಲು ಬಂತು. ಕಲ್ಲಿನ ಮೇಲೆ ಕೋಳಿ ಕೂತು ಮೊಟ್ಟೆಯಿಟ್ಟವು. ಮಾದಪ್ಪನ ಬೆಟ್ಟಕ್ಕೆ ಹೋಗಿ ದೊಡ್ಡಮಾದಮ್ಮ ಕೈಮುಗಿದದ್ದು ಒಂದೇ ಮಾತಿಗೆ: ನನ್ನ ಮಗಳು ಇನ್ನೊಬ್ಬರ ಹಿಟ್ಟು ಬೀಸಬಾರದು.

ಪುಟ್ಟಿ ಈಗ ಏಳು ತಿಂಗಳ ಬಸುರಿ, ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು.

ಅಂಥ ಹೊತ್ತಿನಲ್ಲಿ ಒಂದು ಶನಿವಾರ ಮೂವರು ಪ್ರೆಸಿಡೆಂಟರೂ ಎಲ್ಲೆಕಲ್ಲಿನ ಹತ್ತಿರ ಜಮಖಾನ ಹಾಸಿಕೊಂಡು ಕೂತರು. ಕೆಳನಾಡಿನಿಂದ ಬಂದು ಹಾಸನೂರಿನ ರೋಡಿನಲ್ಲಿ ಮಿಲ್ಲು ಹಾಕಿದ್ದ ಒಬ್ಬ ತಮಿಳು ಸಾಹುಕಾರ, ಎಲ್ಲರ ಬಾಯಲ್ಲೂ ಮೊದಲಾಳಿ, ಅವರ ಕಿವಿ ಕಚ್ಚಿ ಹೋಗಿದ್ದ. ಎಂಜಿನ್ನನ್ನೂ ಮಿಲ್ಲನ್ನೂ ತನಗೆ ಬಿಟ್ಟುಕೊಟ್ಟರೆ ಮೇಲಿನವರನ್ನು ಕಂಡು ವರ್ಷದೊಳಗೆ ಮೂರೂರಿಗೂ ಕಂಬ ತರಿಸುತ್ತೇನೆ ಎಂದಿದ್ದ. ಮೂವರಿಗೂ ಆಸೆ ಹುಟ್ಟಿತು. ಆಸೆಗಿಂತ ಹೆಚ್ಚಾಗಿ ನಾಚಿಕೆ. ಹೋದ ತಿಂಗಳು ರುದ್ರಸ್ವಾಮಿಯ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಸಂಜೆಯ ದೀಪ ನೋಡಿ, 'ಓ, ನಿಮ್ಮದು ಸಗಣಿ ಕರೆಂಟಾ' ಎಂದು ನಕ್ಕಿದ್ದರಂತೆ.

"ಇನ್ನೊಂದ್ ವರ್ಸ ಕಣ್ರಪ್ಪ," ಎಂದ ನಂಜಪ್ಪ, ಸೇರಿದ ಜನಕ್ಕೆ. "ತಿಗನಾರೆಲಿ ನಿಂತಿರೊ ಕಂಬ ನಮ್ಮೂರ್ಗೂ ಬತ್ತವ. ಅಸಲಿ ಕರೆಂಟು ಬರಾಗ ಈ ಗಲೀಜು ಯಾಕ? ಸೋಮವಾರ ಮೊದಲಾಳಿಯೋರು ಲಾರಿ ತತ್ತಾರ. ಎಂಜಿನ್ನು, ಮಿಲ್ಲು ತಕೊಂಡೋಗಿ ರೋಡಲ್ಲಿ ಆಕತಾರ."

ತೊಟ್ಟಿಯಲ್ಲಿ ಮೊಣಕಾಲುದ್ದ ಸಗಣಿಯಲ್ಲಿ ನಿಂತಿದ್ದ ದೊಡ್ಡಮಾದಮ್ಮ ಅಲ್ಲಿಂದಲೇ ಕೇಳಿದಳು. "ಬುದ್ಧೀ, ಕಂಬ ಬಂದ್ವಾ?"

"ಬತ್ತವ ಅಂದ್ನಲ್ಲಮ್ಮಿ."

"ಬಂದ್ಮೇಲ ಕೊಡಿ."

ಜನ ನಕ್ಕಿತು. ನಂಜಪ್ಪನೂ ನಕ್ಕ. ರುದ್ರಸ್ವಾಮಿಗೆ ಮಾತ್ರ ಮೈ ಉರಿಯಿತು. "ಮೂರು ಜನ ಪ್ರೆಸಿಡೆಂಟ್ರು ಕೂತು ಮಾತಾಡಾಗ ಸಗಣಿ ಕಲ್ಸೋಳ್ದೇನಮ್ಮಿ ನಡುವ?"

"ಕೂಸು ಉಟ್ಟಕ ಮುಂಚ ಕುಲಾವಿ ಒಲಿಸದ ಕೇಳಿವ್ನಿ ಬುದ್ಧಿ," ಎಂದಳು ದೊಡ್ಡಮಾದಮ್ಮ. "ನೀವು ಇರೋ ಕೂಸ್ನ ಮಾರಿ ಬರೋ ಕೂಸ್ಗ ಕುಲಾವಿ ಒಲಿಸ್ತಾ ಇವ್ರಿ."

ಈ ಸಲ ಯಾರೂ ನಗಲಿಲ್ಲ. ಹೆಂಗಸರು ಸೆರಗು ಕಚ್ಚಿಕೊಂಡು ನಿಂತರು, ಗಂಡಸರು ಎಲ್ಲೆಕಲ್ಲನ್ನು ಹೊಸದಾಗಿ ಕಂಡವರಂತೆ ನೋಡಿದರು. ರುದ್ರಸ್ವಾಮಿ, ಮಹದೇವಪ್ಪ ಕಾಗದಕ್ಕೆ ಸೈನು ಹಾಕಿದರು. ನಂಜಪ್ಪ ಜಾಣ, ಎಂಜಿನ್ನು ಎತ್ತುವ ದಿನ ಮೊದಲಾಳಿಯ ಎದುರಿಗೇ ಹಾಕುತ್ತೇನೆಂದು ಮಡಚಿ ಜೇಬಿಗಿಟ್ಟುಕೊಂಡ.

ಮಾರನೆಯ ದಿನ ಭಾನುವಾರ ದೊಡ್ಡಮಾದಮ್ಮ ಸಗಣಿಗೆಂದು ನಂಜಪ್ಪನ ಕೊಟ್ಟಿಗೆಗೆ ಹೋದಾಗ ಒಳಗಿಂದ ಟಣ್ ಟಣ್ ಸದ್ದು ಬರುತ್ತಿತ್ತು. ಕೋಳಿಗಳನ್ನು ಓಡಿಸಿ, ಕಲ್ಲನ್ನು ತೊಳೆದು, ಕಲ್ಲು ಕುಟ್ಟುವವನೊಬ್ಬ ಉಳಿ ಹಿಡಿದು ಅದಕ್ಕೆ ಹೊಸ ಹಲ್ಲು ಮಾಡುತ್ತಿದ್ದ. ಶಕುಂತಲಮ್ಮ ಬಾಗಿಲ ಹತ್ತಿರ ನಿಂತಿದ್ದರು.

"ಯಾರೇಳಿದ್ದು ಅವ್ವೋರೆ?"

"ಅವ್ರೇ," ಎಂದರು ಶಕುಂತಲಮ್ಮ, ಗಂಡನ ಹೆಸರು ಹೇಳದೆ. "ಇದಾದ್ಮೇಲ ಒಳಗಿನ್ ಕಲ್ಗೂ ಕುಟ್ಟಿಸ್ತಾರಂತ. ಆಸನೂರ್ ರೋಡ್ಗ ಆರ್ ಮೈಲಿ, ಆನ ತಿರ್ಗೋ ದಾರಿ, ವಾರ ವಾರ ಯಾರು ಒತ್ಕಂಡೋದಾರು? ಎಂಗಸ್ರು ಎರಡ್ ವರ್ಸ ಸುಮ್ನ ಕೂತಿದ್ದು ಸಾಕಂತ."

"ಕೊಟ್ಗೇ ಕಲ್ಗ ಯಾರು ಕೂರದು? ನನ್ ತೋಳ್ ಓಗದ."

ಶಕುಂತಲಮ್ಮ ಮನೆಯೊಳಗೆ ಒಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದರು. "ಪುಟ್ಟೀನ ಬುಧವಾರದಿಂದ ಕಳ್ಸು ಅಂದವ್ರ. ಕಳಸ್ದಿದ್ರ ಈ ವರ್ಸ ನಿಮ್ಮನೇರ್ಗ ಒಲದ ಕೂಲಿ ಇಲ್ವಂತ."

ದೊಡ್ಡಮಾದಮ್ಮನಿಗೆ ಆ ಕ್ಷಣ ಬಂದದ್ದು ಅಳುವಲ್ಲ, ಸಿಟ್ಟು. ಎಂಟು ವರ್ಷದ ಹುಡುಗಿಯ ಗಂಟಲಲ್ಲಿ ಹುಟ್ಟಿದ್ದ ಅದೇ ಸಿಟ್ಟು. ಬಸುರಿ ಹುಡುಗಿ. ಕಾಲು ಚಾಚಿ ಕೂತು, ಹೊಟ್ಟೆಯನ್ನು ತೊಡೆಗೆ ಒತ್ತಿ, ಗೂಟ ಹಿಡಿದು ಸೇರುಗಟ್ಟಲೆ ರಾಗಿ ಬೀಸಬೇಕು. ಯಾವನೋ ಒಬ್ಬನ ಬಾಯಿಮಾತಿನ ಕಂಬಕ್ಕಾಗಿ! ಸಗಣಿ ತುಂಬದ ಕುಕ್ಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ತಿರುಗಿ ನಡೆದಳು. ಅವಳು ಖಾಲಿ ಕುಕ್ಕೆ ತಂದದ್ದನ್ನು ಕೇರಿಯವರು ಕಂಡದ್ದು ಅದೇ ಮೊದಲು.

ಮನೆಯಲ್ಲಿ ಪುಟ್ಟಿ ವಿಷಯ ಕೇಳಿ, "ಬುಡವ್ವ, ನಾನೇ ಬೀಸ್ತೀನಿ. ಎಲ್ರೂ ಬೀಸ್ಲಿಲ್ವಾ?" ಎಂದಳು.

"ಬಾಯ್ಮುಚ್ಚು," ಎಂದಳು ದೊಡ್ಡಮಾದಮ್ಮ. "ಬೀಸಿದೋಳ್ಗ ಗೊತ್ತು, ನಿನ್ಗೇನ್ ಗೊತ್ತು?"

ಸೋಮವಾರ ಬೆಳಿಗ್ಗೆ ಅವಳು ದಾರಿಯುದ್ದಕ್ಕೂ ತಂಗಡಿ ಗಿಡಗಳನ್ನು ಮುರಿಯುತ್ತ ಡ್ರಮ್ಮಿನ ಹತ್ತಿರ ಬಂದಳು. ತೊಟ್ಟಿಗೆ ಇಳಿಯಲಿಲ್ಲ. ಡ್ರಮ್ಮಿನ ಕೊಂಡಿಗೆ ಒಂದು ಕಡ್ಡಿ ಸಿಕ್ಕಿಸಿದಳು. ಪೈಪಿಗೆ ಒಂದು, ಎಂಜಿನ್ನಿನ ಚಕ್ರಕ್ಕೆ ಒಂದು, ಮಿಲ್ಲಿನ ಬಾಯಿಗೆ ಒಂದು. ಎಂಜಿನ್ನು ನೋಡಿಕೊಳ್ಳುತ್ತಿದ್ದ ರಾಚ ಕೇರಿಯವನೇ, ಟೀ ಎಸ್ಟೇಟಿನಲ್ಲಿ ಎಂಜಿನ್ನಿನ ಕೆಲಸ ಕಲಿತು ಬಂದವನು. ಅವನಿಗೆ ನಗು ಬಂತು.

"ಏನ್ ದೊಡ್ಡವ್ವ, ಎಂಜಿನ್ಗ ದೃಷ್ಟಿ ತಗೀತಿದ್ದಿಯಾ?"

"ಸೊಪ್ ಸಿಕ್ಕುಸ್ತಾ ಇವ್ನಿ ಕಣ್ಲಾ. ಇದರೊಳಗಿರದು ದಾರಿ ಸಗಣಿ. ನಾವ್ ಎತ್ತಿದ್ದು."

ರಾಚನ ನಗು ನಿಂತಿತು. ಅವನು ನಟ್ಟು ಬಿಚ್ಚುವ ಪಾನರನ್ನು ಜೇಬಿನಿಂದ ತೆಗೆದು ಶೆಡ್ಡಿನ ಮಾಡಿಗೆ ಸಿಕ್ಕಿಸಿ ಕೈಕಟ್ಟಿ ಕೂತ.

ಸೋಮವಾರ ಎಂದರೆ ಆ ಊರುಗಳಲ್ಲಿ ಬಸವನಿಗೆ ಬಿಡುವಿನ ದಿನ. ಶಿವಭಕ್ತರ ಮನೆಯ ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ; ಏರು ಇಲ್ಲ, ಗಾಡಿ ಇಲ್ಲ. ಹೊಲದ ಕೆಲಸವಿಲ್ಲದ ದಿನವಾದ್ದರಿಂದ ಮಿಲ್ಲಿಗೆ ಸೋಮವಾರವೇ ಜನ ಹೆಚ್ಚು. ಮೂರೂರಿನಿಂದಲೂ ಹೆಂಗಸರು ರಾಗಿ ಹೊತ್ತು ಬಂದು, ಕುಕ್ಕೆಗಳ ಸಾಲು ಎಲ್ಲೆಕಲ್ಲು ದಾಟಿ ಹಳ್ಳದವರೆಗೆ ಹೋಗಿತ್ತು. ಕೊನೆಯ ಸಲ ಬೀಸಿಸಿಕೊಂಡು ಹೋಗೋಣ ಎಂದೇ ಎಲ್ಲರೂ ಬಂದಿದ್ದರು.

ಹತ್ತು ಗಂಟೆಗೆ ಮೊದಲಾಳಿಯ ಲಾರಿ ಬಂತು. ಹಳ್ಳದ ಮರಳಿನ ಆಚೆಗೇ ನಿಂತಿತು. ಬಿಳಿ ವೇಷ್ಟಿ ಎತ್ತಿ ಕಟ್ಟಿದ ಮೊದಲಾಳಿ ನಾಲ್ಕು ಆಳುಗಳ ಜೊತೆ ಹಳ್ಳ ದಾಟಿ ಬಂದು ನಂಜಪ್ಪನಿಗೆ ಕೈಮುಗಿದ. ಪ್ರೆಸಿಡೆಂಟು ಎಂದರೆ ಅವನ ತಮಿಳಿನಲ್ಲಿ ತಲೈವರ್.

"ಲಾರಿ ಈಚೆಗೆ ಬರಲ್ಲ ತಲೈವರೇ. ಎರಡು ಮಾಟುವಂಡಿ ಕೊಡಿ, ಎಂಜಿನ್ ಅದರಲ್ಲಿ ಹಾಕಿ ದಾಟಿಸೋಣ."

"ಎತ್ತಿನ ಗಾಡಿಯಾ? ಇವತ್ತು ಸೋಮವಾರ," ಎಂದ ನಂಜಪ್ಪ, ಮೊದಲೇ ಹೇಳಬೇಕಾಗಿತ್ತಲ್ಲ ಎಂದು ತಲೆ ಕೆರೆದುಕೊಂಡು.

"ಸೋಮವಾರ ಆದರೆ?"

ಮೂವರು ಪ್ರೆಸಿಡೆಂಟರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾರಿ ಎಂದ ಕೂಡಲೇ ಲಾರಿಯೇ ಡ್ರಮ್ಮಿನವರೆಗೆ ಬರುತ್ತದೆ ಎಂದುಕೊಂಡು ಅವರು ವಾರವನ್ನೇ ಮರೆತಿದ್ದರು. ಸೋಮವಾರ ಎತ್ತು ಹೂಡಿ ಎಂದು ಹೇಳಲು ಮೂವರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಮೊದಲಾಳಿ ಗೊಣಗಿ, ಸರಿ, ಆಳುಗಳೇ ಹೊರಲಿ, ಊರವರು ಎಂಟು ಜನ ಕೈಹಾಕಲಿ ಎಂದ. ಬಿದರೆಪುರದ ಇಬ್ಬರು ಹುಡುಗರು ಮುಂದೆ ಬಂದರು. ಪೈಪು ಬಿಚ್ಚಲು ಗ್ಯಾಸಿನ ಒತ್ತಡ ಇಳಿಯಲಿ ಎಂದು ಮೊದಲಾಳಿಯ ಆಳುಗಳು ಡ್ರಮ್ಮಿನ ಮೇಲಿದ್ದ ಗುಂಡುಕಲ್ಲುಗಳನ್ನು ಉರುಳಿಸಿ ಹಳ್ಳದ ಮಡುವಿಗೆ ಒಗೆದರು. ಗ್ಯಾಸು ಕಡಿಮೆಯಾದಾಗ ಡ್ರಮ್ಮನ್ನು ಒತ್ತಲೆಂದು ರಾಚ ಆರಿಸಿ ತಂದಿಟ್ಟಿದ್ದ ಕಲ್ಲುಗಳು ಅವು. ಅವನು ಹಲ್ಲು ಕಚ್ಚಿದ, ಏಳಲಿಲ್ಲ.

ಮೊದಲಾಳಿ ಶೆಡ್ಡಿಗೆ ಬಂದು ಎಂಜಿನ್ನಿನ ಚಕ್ರದ ಮೇಲೆ ಕೈಯಿಟ್ಟ. ಬೆರಳಿಗೆ ಸೊಪ್ಪು ತಾಗಿತು.

"ಇದೆನ್ನ, ಪೂಜೆಯಾ?" ಎಂದು ಕಿತ್ತು ನೆಲಕ್ಕೆ ಎಸೆದ.

ನಲವತ್ತು ಕುಕ್ಕೆಗಳ ಸಾಲಿನಲ್ಲಿ ಎಲ್ಲರ ಕಣ್ಣೂ ನೆಲಕ್ಕೆ ಬಿದ್ದ ಆ ಸೊಪ್ಪಿನ ಮೇಲೆ ಹೋಯಿತು. ಮುಂದೆ ಬಂದಿದ್ದ ಬಿದರೆಪುರದ ಹುಡುಗರು ಎರಡು ಹೆಜ್ಜೆ ಹಿಂದೆ ಸರಿದರು. ನಂಜಪ್ಪ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಗ್ಗಿ ಆ ಸೊಪ್ಪನ್ನು ಎತ್ತಿಕೊಂಡಿದ್ದ. ಎತ್ತಿಕೊಂಡ ಮೇಲೆ ಅದನ್ನು ಎಲ್ಲಿಡಬೇಕು ಎಂದು ಹೊಳೆಯಲಿಲ್ಲ.

"ಆ ಸೊಪ್ಪು ನಂದು," ಎಂದಳು ದೊಡ್ಡಮಾದಮ್ಮ. ಅವಳು ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದಳು. ಗಂಟಲು ಎಂಟು ವರ್ಷದವಳಿದ್ದಾಗ ಇದ್ದಷ್ಟೇ ಜೋರಾಗಿತ್ತು. "ಕೊಟ್ಗೇದು ದನದೋರ್ದು, ದಾರೀದು ಎತ್ತಿದೋರ್ದು. ಈ ಡ್ರಮ್ಮಲ್ಲಿರದು ಮೂರೂರ್ ದಾರಿ. ಎರಡ್ ವರ್ಸ ನಾವು ಎತ್ತಿ, ನಾವು ಕಲ್ಸಿ, ನಮ್ ಸಗಣಿಲಿ ಓಡಿರೊ ಎಂಜಿನ್ನು. ಎತ್ತಿದೋರ್ನ ಕೇಳ್ದೆ ಎಂಗ ಕೊಟ್ರಿ ಬುದ್ಧಿ?"

ನಂಜಪ್ಪನಿಗೆ ಕೋಪ ಬಂತು. ಆದರೆ ಕಟ್ಟಳೆಯ ಮಾತಿಗೆ ಕಟ್ಟಳೆಯಲ್ಲೇ ಉತ್ತರ ಕೊಡಬೇಕು, ಇಲ್ಲದಿದ್ದರೆ ಯಜಮಾನಿಕೆ ಉಳಿಯುವುದಿಲ್ಲ.

"ದಾರೀದೊಂದೇ ಅಲ್ಲ ಕಣಮ್ಮಿ. ಅದ್ರಲ್ಲಿ ನಮ್ ಕೊಟ್ಗೇದೂ ಅದ. ಅದು ದನದೋರ್ದು ಅಂತ ನೀನೇ ಅಂದೆ. ನಮ್ದ ನಾವ್ ಕೊಡ್ತೀವಿ."

"ಸರಿ ಬುದ್ಧಿ," ಎಂದಳು ದೊಡ್ಡಮಾದಮ್ಮ. "ಡ್ರಮ್ ಒಳಕ್ಕ ಇಳೀರಿ. ನಿಮ್ದ ಬೇರ ಮಾಡಿ ಎತ್ಕಳಿ. ನಮ್ದ ಬುಟ್ಬುಡಿ."

ಯಾರೋ ಕಿಸಕ್ಕೆಂದರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಮೂರೂರಿನ ಹೆಂಗಸರು ಒಟ್ಟಿಗೆ ನಕ್ಕರೆ ಹೇಗಿರುತ್ತದೆ ಎಂದು ಆ ಹಳ್ಳ ಅದುವರೆಗೆ ಕೇಳಿರಲಿಲ್ಲ. ನಂಜಪ್ಪನ ಕಿವಿ ಕೆಂಪಾಯಿತು. "ನಗಬ್ಯಾಡಿ! ಕೊಟ್ಗೇ ಸಗಣಿ ನಮ್ದೇ!" ಎಂದು ಗದರಿದ.

ಆಗ ಸಾಲಿನಿಂದ ಶಕುಂತಲಮ್ಮ ಹೊರಗೆ ಬಂದರು. ಊರ ಯಜಮಾನಿ, ನಾಲ್ಕು ಜನರ ಮುಂದೆ ಗಂಡನಿಗೆ ಎದುರಾಡಿದವರಲ್ಲ. ಬಂದವರು ಗಂಡನ ಮುಖ ನೋಡದೆ ನೆಲ ನೋಡುತ್ತಲೇ ಹೇಳಿದರು.

"ಕೊಟ್ಗೇ ಸಗಣಿ ದನದೋರ್ದು ಅನ್ನದು ಸರಿ. ಬಾಚಿದ್ ಯಾರು? ಇಪ್ಪತ್ತೆಂಟ್ ವರ್ಸ ಆಯ್ತು ನಾನ್ ಈ ಮನಗ ಬಂದು. ನೀವೊಂದ್ ದಿನ ಪೊರಕ ಹಿಡ್ದಿದ್ರಾ?"

ಸೆರಗಿನೊಳಗಿಂದ ಒಂದು ತಂಗಡಿ ಕಡ್ಡಿ ಹೊರಗೆ ಬಂತು. ಅದನ್ನು ಮನೆಯಿಂದಲೇ ಮುರಿದು ತಂದಿದ್ದರು. ಎಂಜಿನ್ನಿನ ಚಕ್ರದಲ್ಲಿ, ಮೊದಲಾಳಿ ಕಿತ್ತು ಎಸೆದ ಜಾಗದಲ್ಲೇ ಸಿಕ್ಕಿಸಿದರು. ದೊಡ್ಡಮಾದಮ್ಮ ಅವರನ್ನು ನೋಡಿದಳು. ಸೊಪ್ಪು ಗಟ್ಟಿಯಾಗಿ ಕೂತಿತ್ತು. ಈ ಹೆಂಗಸಿನ ಮೇಲೆ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಪ್ರೀತಿ ಬಂತು.

ಮುಂದಿನದು ಹೇಳಬೇಕಾಗಿಲ್ಲ. ಚಿಕ್ಕಬಸಮ್ಮ ಪೈಪಿಗೆ ಸಿಕ್ಕಿಸಿದಳು. ಜಾಲಿಕಟ್ಟೆಯವರು ಬೆಲ್ಟಿಗೆ, ಶೆಡ್ಡಿನ ಕಂಬಕ್ಕೆ, ತೊಟ್ಟಿಯ ಅಂಚಿಗೆ. ತಂಗಡಿ ಗಿಡ ಬರಿದಾದ ಮೇಲೆ ಬೇವು ಮುರಿದರು. ಬಸುರಿ ಪುಟ್ಟಿ ನಿಧಾನವಾಗಿ ನಡೆದು ಬಂದು ಎಲ್ಲಿ ಜಾಗವಿದೆ ಎಂದು ಹುಡುಕಿ, ಕೊನೆಗೆ ಮೊದಲಾಳಿಯ ಆಳಿನ ಕೈಯಲ್ಲಿದ್ದ ಹಾರೆಗೇ ಒಂದು ಕಡ್ಡಿ ಸುತ್ತಿದಳು. ಆ ಮನುಷ್ಯ ಬೆಚ್ಚಿ ಹಾರೆ ಕೆಳಗಿಟ್ಟ.

"ತಲೈವರೇ!" ಎಂದ ಮೊದಲಾಳಿ. "ನಿಮ್ಮ ಊರಲ್ಲಿ ತಲೈವರ್ ಯಾರು? ಕೈಯೆಳುತ್ತು ಹಾಕಿ, ನಾಳೆ ಟ್ರ್ಯಾಕ್ಟರ್ ತರ್ತೀನಿ."

"ನಮ್ ಇಬ್ಬರ್ದೂ ಸೈನ್ ಆಗದ ನಂಜಪ್ಪ," ಎಂದ ರುದ್ರಸ್ವಾಮಿ ಅವಸರದಿಂದ. "ನಿಂದೊಂದೇ ಬಾಕಿ. ಆಕು ಮತ್ತ."

ನಂಜಪ್ಪ ಜೇಬಿನಿಂದ ಕಾಗದ ತೆಗೆದ. ಇನ್ನೊಂದು ಕೈಯಲ್ಲಿ ಆ ಸೊಪ್ಪಿನ ಕಡ್ಡಿ ಹಾಗೇ ಇತ್ತು. ಅವನ ತಂದೆ ಇದ್ದಿದ್ದರೆ ಈಗಲೂ 'ಸೊಪ್ಪು ಅಂದ್ರ ಸೊಪ್ಪೇ' ಎನ್ನುತ್ತಿದ್ದರು. ಆ ಯೋಚನೆ ಅವನಿಗೆ ಬಂತೋ ಇಲ್ಲವೋ ದೊಡ್ಡಮಾದಮ್ಮನಿಗೆ ಗೊತ್ತಿಲ್ಲ, ಅವಳಿಗಂತೂ ಬಂತು. ಪುಟ್ಟಿಯ ಬುಧವಾರ ಆ ಕಾಗದದ ಮಡಿಕೆಯಲ್ಲಿದೆ ಎಂದುಕೊಂಡಳು.

"ಸಾರ್, ಕಂಬ ಬಂದ್ವಾ?" ಎಂದ ನಂಜಪ್ಪ.

"ವರುಮ್, ವರುಮ್. ಹೇಳಿದೀನಲ್ಲ."

"ಬಂದ್ಮೇಲ ಬನ್ನಿ."

ಸೈನು ಹಾಕದೆ ಕಾಗದವನ್ನು ಮೊದಲಾಳಿಯ ಕೈಗೆ ಕೊಟ್ಟ. ರುದ್ರಸ್ವಾಮಿ ಹಾರಾಡಿದ. "ಮೂರು ಕಲ್ಲಿನ ಒಲೆ ಎರಡು ಕಲ್ ಮ್ಯಾಲ ನಿಂತದೇನಪ್ಪ?" ಎಂದು ಮಹದೇವಪ್ಪನೇ ಅವನ ತೋಳು ಹಿಡಿದು ಕೂರಿಸಿದ. ಮೊದಲಾಳಿ ಹೊರಡುವ ಮುನ್ನ ಡ್ರಮ್ಮಿಗೆ ಕೈಯಿಂದ ಬಡಿದು, ನಾಳೆ ಇದು ತುಕ್ಕು ಹಿಡಿದು ತೂತಾದರೆ ಯಾವ ಮಗನೂ ಈ ಕಾಡಿಗೆ ಬರುವುದಿಲ್ಲ ಎಂದ. ಅದು ಸುಳ್ಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ತೂತಾದ್ರ ಮೆತ್ತೀವಿ," ಎಂದಳು ದೊಡ್ಡಮಾದಮ್ಮ. "ನಮ್ಗೇನ್ ಮೆತ್ತಕ ಬರಲ್ವಾ?"

ಅಂದು ಇದ್ದ ಗ್ಯಾಸೆಲ್ಲ ಉರಿಯುವವರೆಗೆ ರಾಚ ಮಿಲ್ಲು ಓಡಿಸಿದ. ಹಾಗಾಗಿ ಮಂಗಳವಾರ ಬೆಳಿಗ್ಗೆ ಡ್ರಮ್ಮು ಕುಗ್ಗಿ ಕೂತಿತ್ತು. ಸೋಮವಾರ ಗಾಡಿ ಓಡದೆ, ಬಿದರೆಪುರ, ಜಾಲಿಕಟ್ಟೆಯಿಂದ ಗಾಡಿಯಲ್ಲಿ ಬರುವ ಸಗಣಿ ಬಾರದ್ದರಿಂದ ಮಂಗಳವಾರದ ಗ್ಯಾಸು ಯಾವಾಗಲೂ ಬಡಕಲು. ಕಲ್ಲು ಹೇರಿ ಒತ್ತಿದರೆ ಮಾತ್ರ ಎಂಜಿನ್ನು ಹಿಡಿಯುತ್ತದೆ. ಕಲ್ಲುಗಳೆಲ್ಲ ಹಳ್ಳದ ಮಡುವಿನಲ್ಲಿ. ರಾಚ ನಾಲ್ಕು ಸಲ ಚಕ್ರ ತಿರುಗಿಸಿದ. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ನಿನ್ನೆ ಬೀಸಿಸಲು ಆಗದ ಹೆಂಗಸರು ಕುಕ್ಕೆ ಇಟ್ಟುಕೊಂಡು ಕೂತಿದ್ದರು. ಸಾಲಿನ ಮೊದಲ ಕುಕ್ಕೆ ಪುಟ್ಟಿಯದು.

"ಭಾರ ಬೇಕು ದೊಡ್ಡವ್ವ," ಎಂದ ರಾಚ. "ಒಳ್ಳೇ ಭಾರ."

ದೊಡ್ಡಮಾದಮ್ಮ ಕೈ ತೊಳೆದುಕೊಂಡು ಸೀದಾ ನಂಜಪ್ಪನ ಮನೆಗೆ ನಡೆದಳು. ನಂಜಪ್ಪ ಗಾಡಿಗೆ ಎತ್ತು ಹೂಡುತ್ತಿದ್ದ. ಅವಳು ಅವನನ್ನು ಮಾತಾಡಿಸದೆ ಕೊಟ್ಟಿಗೆಗೆ ಹೋದಳು. ಹೊಸದಾಗಿ ಹಲ್ಲು ಕುಟ್ಟಿಸಿಕೊಂಡ ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಗೂಟದ ತೂತಿಗೆ ತಂಗಡಿ ಕಡ್ಡಿ ಸಿಕ್ಕಿಸಿದಳು.

"ಅದೇನಮ್ಮಿ, ಕಲ್ಲೂ ದಾರೀಲಿ ಬಿದ್ದಿತ್ತಾ?" ಎಂದ ನಂಜಪ್ಪ ಬಾಗಿಲಿನಿಂದ.

"ಇದ್ನ ಮೂವತ್ತೆಂಟ್ ವರ್ಸ ತಿರುಗ್ಸಿವ್ನಿ ಬುದ್ಧಿ. ನಮ್ಮವ್ವ ಅದ್ಕೂ ಮುಂಚ. ನನ್ ತೋಳು ಇದ್ರೊಳಗ ಅದ. ಇನ್ ಇದು ಡ್ರಮ್ ಮ್ಯಾಲ ಕೂರ್ಲಿ."

ನಂಜಪ್ಪ ಏನೋ ಹೇಳಲು ಬಾಯಿ ತೆರೆದ. ಒಳಗಿನಿಂದ ಶಕುಂತಲಮ್ಮನ ದನಿ ಬಂತು.

"ಒಂದೇ ಕಲ್ಲಿಟ್ರ ಡ್ರಮ್ಮು ಒಂದ್ ಕಡ ವಾಲ್ತದ. ಎದುರ್ಗೊಂದು ಬೇಕು. ಒಳಗಿನ್ ಕಲ್ಲೂ ಎತ್ತಿ ಗಾಡಿಗಾಕಿ."

ಎರಡು ಕಲ್ಲೂ ಒಂದೇ ಗಾಡಿಯಲ್ಲಿ ಹೋದವು. ಅಡುಗೆ ಮನೆಯ ಕಲ್ಲು, ಕೊಟ್ಟಿಗೆಯ ಕಲ್ಲು. ಒಂದರ ಹಿಟ್ಟು ಇನ್ನೊಂದಕ್ಕೆ ತಾಗಬಾರದು ಎಂದು ಮೂರು ತಲೆಮಾರು ಬೇರೆ ಬೇರೆ ಬಾಗಿಲಲ್ಲಿ ಕಾದಿಟ್ಟ ಕಲ್ಲುಗಳು. ರಾಚ, ನಂಜಪ್ಪ, ಜಾಲಿಕಟ್ಟೆಯ ಇಬ್ಬರು ಸೇರಿ ಅವನ್ನು ಡ್ರಮ್ಮಿನ ಮೇಲೆ ಎದುರುಬದುರಾಗಿ ಇಟ್ಟರು. ಡ್ರಮ್ಮು ಮಿಸುಕಿ ಸಮವಾಗಿ ಕೂತಿತು. ರಾಚ ಚಕ್ರ ತಿರುಗಿಸಿದ. ಎಂಜಿನ್ನು ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು.

ಪುಟ್ಟಿಯ ರಾಗಿ ಮಿಲ್ಲಿನ ಬಾಯಿಗೆ ಬಿತ್ತು. ಬಿಸಿ ಹಿಟ್ಟು ಕುಕ್ಕೆಗೆ ಸುರಿಯುವಾಗ ಅವಳು ಎರಡೂ ಅಂಗೈ ಒಡ್ಡಿ ಹಿಡಿದಳು. ಆ ಅಂಗೈಯಲ್ಲಿ ಒಂದು ಗುಳ್ಳೆಯಿರಲಿಲ್ಲ, ಒಂದು ದಡ್ಡು ಇರಲಿಲ್ಲ.

"ಕಲ್ಗ ಕೂರ್ತೀನಿ ಅಂದ್ಯಲ್ಲ ಮೊನ್ನ," ಎಂದಳು ದೊಡ್ಡಮಾದಮ್ಮ, ಡ್ರಮ್ಮಿನ ಮೇಲೆ ಕೈ ತೋರಿಸಿ. "ಓಗು, ಅತ್ತಿ ಕೂತ್ಕ."

ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡಮಾದಮ್ಮ ಕೊಂಡಿಗೆ ನಿನ್ನೆ ಸಿಕ್ಕಿಸಿದ್ದ ಸೊಪ್ಪು ಬಾಡಿದ್ದನ್ನು ಕಂಡು ಅದನ್ನು ತೆಗೆದು ಹೊಸ ಕಡ್ಡಿ ಸಿಕ್ಕಿಸಿದಳು, ಮತ್ತೆ ತೊಟ್ಟಿಗೆ ಇಳಿದಳು.